ಕಡಿದುದನ್ನು ಕೂಡಿಸುವ ವಿದ್ಯೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಮಡಕೆಯನ್ನು ಕುರಿತದ್ದು. ಒಡೆದ ಮಡಕೆಯನ್ನು ಕೂಡಿಸುವವರಿಲ್ಲವಾದುದರಿಂದ ಗಾದೆಯೂ ಅಲ್ಲಿಗೇ ಮುಗಿದುಹೋಗುತ್ತದೆ. ಆದರೆ ಕಡಿದ ಮೇಲೂ ಕೂಡಿಸಬಹುದಾದ ವಸ್ತುಗಳು ಲೋಕದಲ್ಲಿ ಉಂಟು. ಅವುಗಳ ಪಾಲಿಗೆ ಗಾದೆಯು ಒಂದು ಪ್ರಶ್ನೆಯನ್ನು ಉಳಿಸಿಹೋಗಿದೆ: ಕಡಿಯುವವನಿಗೆ ನಿಮಿಷ ಸಾಕಾದರೆ ಕೂಡಿಸುವವನಿಗೆ ಎಷ್ಟು ಕಾಲ ಬೇಕು? ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯ ಬದಿಯ ಒಂದು ಸಣ್ಣ ಗ್ಯಾರೇಜಿನಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯಿತು. ನಾಲ್ಕು ದಿನಗಳು.

ಆ ಗ್ಯಾರೇಜಿನ ಒಡೆಯನು ಅರುವತ್ತೈದು ದಾಟಿದ ಮಿಸ್ತ್ರಿ. ವಾಹನಗಳ ವಿದ್ಯುತ್ತಿನ ಕೆಲಸವೊಂದನ್ನೇ ನಲವತ್ತೈದು ವರ್ಷಗಳಿಂದ ಮಾಡಿಕೊಂಡು ಬಂದವನು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟುದರಿಂದ ಆತನಿಗೆ ಕನ್ನಡವನ್ನು ಕೂಡಿಸಿ ಓದುವಷ್ಟೇ ಅಕ್ಷರಜ್ಞಾನ. ಆದರೆ ತಂತಿಯೊಂದನ್ನು ಬೆರಳಿನಲ್ಲಿ ಹೊಸೆದು ನೋಡಿ, ಅದು ಎಷ್ಟು ಭಾರ ಹೊರಬಲ್ಲುದೆಂಬುದನ್ನು ತಪ್ಪಿಲ್ಲದೆ ಹೇಳಬಲ್ಲ ಕೈ ಆತನದು. ಆತನ ಬಳಿ ಹದಿನೇಳು ವರ್ಷದ ಹುಡುಗನೊಬ್ಬ ಕೆಲಸ ಕಲಿಯುತ್ತಿದ್ದ. ತಂದೆ ತೀರಿಕೊಂಡ ವರ್ಷ ಒಂಬತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟು ಬಂದವನು. ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವನೆಂಬ ಕಾರಣದಿಂದ ಗ್ಯಾರೇಜಿನಲ್ಲಿ ಅವನಿಗೆ ಒಂದು ಬಗೆಯ ಗೌರವವಿತ್ತು. ಅದರಿಂದಲೇ ಸ್ವಲ್ಪ ಹೆಮ್ಮೆಯೂ ಇತ್ತು.

ಒಂದು ದಿನ ಅಲ್ಲಿಗೆ ಒಂದು ಅಂಬಾಸಡರ್ ಕಾರನ್ನು ಎಳೆದು ತಂದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ, 1950ರ ದಶಕದ ಕೊನೆಯಿಂದ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗತೊಡಗಿ, 2014ರಲ್ಲಿ ಉತ್ಪಾದನೆ ನಿಂತುಹೋದ ಈ ಕಾರನ್ನು ನಾಡಿನಲ್ಲಿ ಕಾಣದವರು ವಿರಳ. ಬಂದ ಕಾರು 1978ರ ಮಾರ್ಕ್ 3. ನವಲಗುಂದದ ಕಡೆಯ ಎರೆ ಸೀಮೆಯ ಹಳ್ಳಿಯೊಂದರಲ್ಲಿ ಮೂವತ್ತೈದು ವರ್ಷ ವೈದ್ಯವೃತ್ತಿ ನಡೆಸಿದ ಡಾಕ್ಟರರೊಬ್ಬರ ವಾಹನ ಅದು. ಅವರು ತೀರಿಕೊಂಡ ಮೇಲೆ ಒಂಬತ್ತು ವರ್ಷ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ನಿಂತಿತ್ತು. ಅವರ ವೃದ್ಧ ಪತ್ನಿ ಕಾರಿನ ಜೊತೆಯಲ್ಲಿಯೇ ಬಂದಿದ್ದರು. “ಮಿಸ್ತ್ರಿ, ಮಾರಾಕಲ್ಲ ಇದು. ಮತ್ತೊಮ್ಮೆ ಇದರ ದೀಪ ಹತ್ತಿದ್ದನ್ನ ನಾ ನೋಡಬೇಕು” ಎಂದಷ್ಟೇ ಹೇಳಿ ಹೊರಟುಹೋದರು.

ಇಂಜಿನ್ನಿನ ಕೆಲಸ ಬೇರೊಬ್ಬರ ಕೈಯಲ್ಲಿ ಮುಗಿಯಿತು. ಬ್ಯಾಟರಿಯನ್ನು ಇಡುವ ತಟ್ಟೆಯ ಕೆಳಗಿನ ತಗಡು ಮಾತ್ರ ಆಮ್ಲದಿಂದ ತುಕ್ಕು ತಿಂದು ತೂತು ಬಿದ್ದಿತ್ತು. ವೆಲ್ಡಿಂಗಿನವನು ಬಂದು ನಿಂತಿದ್ದ. ಅದೇ ತಗಡಿನ ಅಂಚಿನಲ್ಲಿ ವೈರಿಂಗ್ ಹಾರ್ನೆಸ್ ಹಾದುಹೋಗಿತ್ತು. ಹಾರ್ನೆಸ್ ಎಂದರೆ ತಂತಿಗಳ ಜಡೆ. ವಾಹನದ ಮೈಯೆಲ್ಲ ಹರಡಬೇಕಾದ ಹತ್ತಾರು ತಂತಿಗಳನ್ನು ಒಂದಾಗಿ ಜೋಡಿಸಿ, ಬಟ್ಟೆಯ ಇಲ್ಲವೆ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಸುತ್ತಿ, ದಾರಿಯಲ್ಲಿ ಬೇಕಾದೆಡೆಯಲ್ಲಿ ಒಂದೊಂದು ಕವಲನ್ನು ಹೊರಗೆ ಬಿಟ್ಟಿರುತ್ತಾರೆ. ದೀಪಕ್ಕೊಂದು, ಹಾರ್ನಿಗೊಂದು, ಕಾಯಿಲಿಗೊಂದು, ಡೈನಮೋವಿಗೊಂದು. ಹೋದ ವಿದ್ಯುತ್ತು ಮರಳಿ ಬರುವುದಕ್ಕೆ ಬಹುಪಾಲು ಬೇರೆ ತಂತಿಯಿಲ್ಲ. ಕಾರಿನ ಉಕ್ಕಿನ ಮೈಯೇ ಮರಳುವ ದಾರಿ.

“ವೈರಿಂಗ್ ಬಿಚ್ಚಿ ಬದೀಗೆ ಸರಿಸು” ಎಂದು ಹೇಳಿ ಮಿಸ್ತ್ರಿ ಸಾಮಾನು ತರಲು ಪೇಟೆಗೆ ಹೋದ. ಬಿಚ್ಚುವುದೆಂದರೆ ಒಂದೊಂದು ಕೊನೆಯನ್ನೂ ಅದರ ಕೊಳವೆಯಿಂದ ಎಳೆದು, ಗುರುತು ಕಟ್ಟಿ, ಜಡೆಯನ್ನು ಇಡಿಯಾಗಿ ಹಿಂದಕ್ಕೆ ಮಡಚುವುದು. ಕೊನೆಗಳು ತುಕ್ಕಿನಿಂದ ಕಚ್ಚಿಕೊಂಡಿದ್ದವು. ವೆಲ್ಡಿಂಗಿನವನು ಅವಸರಪಡಿಸುತ್ತಿದ್ದ. ಬಿಚ್ಚಿದರೂ ಕಡಿದರೂ ತಂತಿ ಬದಿಗೆ ಸರಿಯುವುದು ಒಂದೇ ಅಲ್ಲವೆ ಎಂದು ಹುಡುಗನಿಗೆ ತೋರಿತು. ದೊಡ್ಡ ಕಟರನ್ನು ಒಯ್ದು, ಇಂಜಿನ್ನಿಗೂ ಚಾಲಕನ ಆಸನಕ್ಕೂ ನಡುವಿನ ಗೋಡೆಯ ಬಳಿ ಜಡೆಯನ್ನು ಎರಡೇ ಪಟ್ಟಿಗೆ ಕತ್ತರಿಸಿಬಿಟ್ಟ. 23 ತಂತಿಗಳು ಕಡಿದು 46 ತುದಿಗಳಾದವು.

ಕತ್ತರಿಸಿದ ಮೇಲೆ ಅವನಿಗೆ ಭಯವಾಯಿತು. ಆ ರಾತ್ರಿ ಗ್ಯಾರೇಜಿನಲ್ಲಿಯೇ ಮಲಗುವೆನೆಂದು ಹೇಳಿ ಉಳಿದುಕೊಂಡ. ಗೋಡೆಯ ಕಪಾಟಿನಲ್ಲಿ ಆ ಕಾರಿನ ತಂತಿಗಳ ನಕ್ಷೆಯಿತ್ತು. ಮಿಸ್ತ್ರಿಗೆ ಅದು ಬೇಕಾಗಿರಲಿಲ್ಲ. ಹುಡುಗನಿಗೆ ಓದಲು ಬರುತ್ತಿತ್ತು. ಗೋಡೆಯ ಒಳಗಿನಿಂದ ಬಂದ ತುದಿಗಳಲ್ಲಿ ಬಣ್ಣ ಕಾಣುತ್ತಿತ್ತು. ಇಂಜಿನ್ನಿನ ಕಡೆಯ ತುದಿಗಳು ನಲವತ್ತು ವರ್ಷಗಳ ಎಣ್ಣೆ, ಕಾವು, ಧೂಳುಗಳಿಂದ ಎಲ್ಲವೂ ಒಂದೇ ಮಸಿಬಣ್ಣಕ್ಕೆ ತಿರುಗಿದ್ದವು. ನಕ್ಷೆಯಲ್ಲಿ ತಂತಿಗಳ ಮೇಲೆ ಅಕ್ಷರಗಳಿದ್ದವು. ಅವುಗಳನ್ನು ನೋಡಿ ನೋಡಿ, ತುದಿಗೆ ತುದಿಯನ್ನು ಹೊಸೆದು, ಮೇಲೆ ಟೇಪು ಸುತ್ತಿ, ಬೆಳಗಿನ ಜಾವಕ್ಕೆ ಮುಗಿಸಿದ. ಹೊರಗಿನಿಂದ ನೋಡಿದವರಿಗೆ ಏನೂ ಆಗಿಲ್ಲವೆಂಬಂತೆಯೇ ಕಾಣುತ್ತಿತ್ತು.

ಬೆಳಿಗ್ಗೆ ಮಿಸ್ತ್ರಿ ಬ್ಯಾಟರಿಯನ್ನು ಇಟ್ಟು, ಕೊನೆಯದಾಗಿ ಅದರ ಅರ್ತಿನ ತುದಿಯನ್ನು ತಾಗಿಸಿದ. ಚಟ್ಟೆಂದು ಕಿಡಿ ಹಾರಿತು. ಮೂರು ಎಣಿಸುವಷ್ಟರಲ್ಲಿ ಗೋಡೆಯ ಬಳಿಯಿಂದ ದಟ್ಟವಾದ ಹೊಗೆ ಎದ್ದಿತು. ಪೆಟ್ರೋಲಿನ ಕೊಳವೆ ಅಲ್ಲಿಂದ ಒಂದು ಗೇಣಿನ ದೂರದಲ್ಲಿತ್ತು. ಮುದುಕನು ಭುಜದ ಮೇಲಿದ್ದ ವಸ್ತ್ರವನ್ನು ಕೈಗೆ ಸುತ್ತಿಕೊಂಡು ತುದಿಯನ್ನು ಕಿತ್ತೆಸೆಯದೆ ಹೋಗಿದ್ದರೆ, ಡಾಕ್ಟರರ ಕಾರಷ್ಟೇ ಅಲ್ಲ, ಆ ಗ್ಯಾರೇಜಿನಲ್ಲಿ ಏನೂ ಉಳಿಯುತ್ತಿರಲಿಲ್ಲ.

ಹೊಗೆ ಅಡಗಿದ ಮೇಲೆ ಮಿಸ್ತ್ರಿ ಬಾಗಿ ನೋಡಿದ. ಹಳೆಯ ಜಡೆಯ ಮೇಲೆ ಹೊಸ ಟೇಪು! ಆತ ಏನನ್ನೂ ಕೇಳಲಿಲ್ಲ. ಕೇಳದೆ ಇದ್ದುದೇ ಹುಡುಗನಿಗೆ ತಾಳಲಾರದಾಯಿತು. “ಕಾಕಾ, ನಾನ ಕಡದೆ. ರಾತ್ರಿ ನಾನ ಕೂಡಿಸಿದೆ” ಎಂದು ಹೇಳಿ, ಗೋಡೆಗೆ ನೇತುಹಾಕಿದ್ದ ತನ್ನ ಚೀಲವನ್ನು ತೆಗೆದುಕೊಂಡ. ಕೆಲಸದಿಂದ ತೆಗೆದುಹಾಕುವರೆಂಬುದು ಅವನಿಗೆ ಖಚಿತವಾಗಿತ್ತು. ತಾಯಿಗೆ ಏನು ಹೇಳಬೇಕೆಂಬುದೊಂದೇ ಅವನ ಮುಂದಿದ್ದ ಪ್ರಶ್ನೆ.

“ಚೀಲ ಇಡು ತಮ್ಮಾ” ಎಂದ ಮಿಸ್ತ್ರಿ. “ಕಡಿಯೂದು ಕಲತೀ. ಇನ್ನ ಕೂಡಸೂದು ಕಲಿ. ಆಮ್ಯಾಲೆ ಹೋಗಬೇಕು ಅನಸಿದರ ಹೋಗು.”

ಮೊದಲು ತಪ್ಪಿನ ಮೂಲವನ್ನು ಹುಡುಕಬೇಕಾಗಿತ್ತು. ನಕ್ಷೆಯನ್ನು ಕಾರಿನ ಮೂತಿಯ ಮೇಲೆ ಹಾಸಿ, ಹೊಗೆ ಬಂದ ತಂತಿ ಯಾವುದೆಂದು ಮಿಸ್ತ್ರಿ ತೋರಿಸಿದ. ಅದರ ಮೇಲೆ ‘ಬಿ’ ಎಂಬ ಅಕ್ಷರವಿತ್ತು. ‘ಬಿ’ ಎಂದರೆ ಬ್ರೌನ್ ಎಂದು ತಿಳಿದು ಹುಡುಗ ಅದನ್ನು ಒಳಗಿನ ಕಂದು ತಂತಿಗೆ ಹೊಸೆದಿದ್ದ. ಆ ನಕ್ಷೆಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರಗಳ ಒಂದು ಪಟ್ಟಿಯಿತ್ತು. ಅದನ್ನು ಅವನು ಓದಿರಲಿಲ್ಲ. ಈ ಬಗೆಯ ಕಾರುಗಳು ಅನುಸರಿಸಿದುದು ಬ್ರಿಟನ್ನಿನ ಲೂಕಾಸ್ ಕಂಪನಿಯ ವರ್ಣಸಂಕೇತವನ್ನು. ಅದರಲ್ಲಿ ‘ಬಿ’ ಎಂದರೆ ಕಪ್ಪು. ಬ್ಲ್ಯಾಕ್, ಬ್ರೌನ್, ಬ್ಲೂ ಮೂರೂ ಒಂದೇ ಅಕ್ಷರದಿಂದ ಆರಂಭವಾಗುವುದರಿಂದ ಕಂದಿಗೆ ಅದರ ಕೊನೆಯ ಅಕ್ಷರವಾದ ‘ಎನ್’ ಎಂದೂ, ನೀಲಿಗೆ ನಡುವಿನ ‘ಯು’ ಎಂದೂ ಗೊತ್ತುಪಡಿಸಿದ್ದಾರೆ. ಕಪ್ಪು ತಂತಿ ಕಾರಿನ ಮೈಗೆ ಸೇರುವ ಅರ್ತು. ಕಂದು ತಂತಿ ಬ್ಯಾಟರಿಯಿಂದ ನೇರವಾಗಿ ಬರುವ ಪ್ರಧಾನ ಧಾರೆ. ನಡುವೆ ಫ್ಯೂಸಿನ ಕಾವಲೂ ಇಲ್ಲದ್ದು. ಇವೆರಡನ್ನು ಕೂಡಿಸುವುದೆಂದರೆ ಬ್ಯಾಟರಿಯ ಬಲವನ್ನೆಲ್ಲ ಒಂದು ಎಳೆಯ ಮೇಲೆ ಸುರಿದಂತೆ.

ಶಾಸ್ತ್ರವನ್ನು ಕಲಿಯುವವರು ಮೊದಲು ಸಂಜ್ಞೆ, ಪರಿಭಾಷೆಗಳನ್ನು ಕಲಿಯುವುದು ಏತಕ್ಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಹುಡುಗನಿಗೆ ಅಕ್ಷರ ಬರುತ್ತಿತ್ತು. ಆ ಶಾಸ್ತ್ರದಲ್ಲಿ ಆ ಅಕ್ಷರಕ್ಕೆ ಕೊಟ್ಟ ಅರ್ಥ ಗೊತ್ತಿರಲಿಲ್ಲ. ಮಿಸ್ತ್ರಿಗೆ ಅರ್ಥ ಗೊತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆ ದಿನ ಕಾರಿನ ಮೂತಿಯ ಮೇಲೆ ಇಬ್ಬರೂ ಬಾಗಿ ನಿಂತಾಗ ಓದುವ ಕಣ್ಣೂ ಅರಿತ ಕೈಯೂ ಮೊದಲ ಸಲ ಒಂದೆಡೆ ಕೂಡಿದವು.

ಮೊದಲನೆಯ ದಿನವೆಲ್ಲ ಬಿಚ್ಚುವುದರಲ್ಲಿಯೇ ಕಳೆಯಿತು. ಹುಡುಗ ಹೊಸೆದ ಗಂಟುಗಳನ್ನೆಲ್ಲ ಬಿಡಿಸಿ, ಇಂಜಿನ್ನಿನ ಕಡೆಯ ಜಡೆಯ ಹಳೆಯ ಸುತ್ತನ್ನು ಒಂದು ಗೇಣಿನಷ್ಟು ಹಿಂದಕ್ಕೆ ಸುಲಿಯುವಂತೆ ಮಿಸ್ತ್ರಿ ಹೇಳಿದ. ಸುಲಿದಾಗ ಹುಡುಗನು ಬೆರಗಾದ. ಹೊರಗೆ ಮಸಿಯಾಗಿದ್ದ ತಂತಿಗಳು ಒಳಗೆ, ಬಿಸಿಲೂ ಎಣ್ಣೆಯೂ ತಾಗದ ಕಡೆ, ಕಾರ್ಖಾನೆಯಿಂದ ಬಂದ ದಿನದ ಬಣ್ಣವನ್ನೇ ಉಳಿಸಿಕೊಂಡಿದ್ದವು. ಹಸಿರು, ಬಿಳಿ, ನೇರಳೆ, ಕೆಂಪು, ನೀಲಿ. ಕೆಲವಕ್ಕೆ ಮೈಬಣ್ಣದ ಮೇಲೆ ಬೇರೊಂದು ಬಣ್ಣದ ಸಣ್ಣ ಗೆರೆ. ಮೈಬಣ್ಣವು ಪ್ರಕೃತಿಯಿದ್ದಂತೆ, ಗೆರೆಯು ಪ್ರತ್ಯಯವಿದ್ದಂತೆ. ಹಸಿರೆಂದರೆ ಕೀಲಿ ತಿರುಗಿಸಿದ ಮೇಲೆ ಫ್ಯೂಸಿನ ಮೂಲಕ ಹರಿಯುವ ಧಾರೆ. ಅದರ ಮೇಲೆ ಕೆಂಪು ಗೆರೆ ಬಂದರೆ ಎಡ ಇಂಡಿಕೇಟರು, ಬಿಳಿ ಗೆರೆ ಬಂದರೆ ಬಲದ್ದು, ನೇರಳೆ ಗೆರೆ ಬಂದರೆ ಬ್ರೇಕಿನ ದೀಪ. ನೀಲಿಯೆಂದರೆ ಮುಂದಿನ ದೊಡ್ಡ ದೀಪಗಳು. ಬಿಳಿ ಗೆರೆಯದು ದೂರದ ಬೆಳಕಿಗೆ, ಕೆಂಪು ಗೆರೆಯದು ತಗ್ಗಿಸಿದ ಬೆಳಕಿಗೆ.

ಆದರೂ ಕಣ್ಣನ್ನು ಮಾತ್ರ ನಂಬಿ ಕೂಡಿಸಲು ಮಿಸ್ತ್ರಿ ಒಪ್ಪಲಿಲ್ಲ. ಎರಡನೆಯ ದಿನ ಒಂದು ಚಿಕ್ಕ ಬ್ಯಾಟರಿಗೆ ಬಲ್ಬನ್ನು ಕಟ್ಟಿಕೊಂಡು, ಒಂದೊಂದು ತಂತಿಯ ದೂರದ ಕೊನೆಗೂ ಹೋಗಿ ಪರೀಕ್ಷೆ ನಡೆಯಿತು. ಬಲ್ಬು ಹತ್ತಿದರೆ ಆ ತುದಿಯೂ ಈ ತುದಿಯೂ ಒಂದೇ ತಂತಿಯದು. ಹುಡುಗನು ತನ್ನ ಶಾಲೆಯ ಹಳೆಯ ನೋಟುಪುಸ್ತಕವನ್ನು ತಂದು, ಗೆರೆ ಹೊಡೆದು, 23 ಸಾಲುಗಳನ್ನು ಬರೆದ. ಬಣ್ಣ, ಎಲ್ಲಿಂದ ಎಲ್ಲಿಗೆ, ಎಷ್ಟು ಎಳೆ, ಪರೀಕ್ಷೆ ಆಯಿತೋ ಇಲ್ಲವೋ. ಎಲ್ಲಿಯಾದರೂ ಸಂದೇಹ ಬಂದರೆ ಆ ಸಾಲನ್ನು ಖಾಲಿ ಬಿಡಬೇಕು, ಊಹಿಸಿ ತುಂಬಬಾರದು ಎಂಬುದು ಮಿಸ್ತ್ರಿಯ ಕಟ್ಟಪ್ಪಣೆ. ತ್ರುಟಿತವಾದ ಓಲೆಗರಿಯನ್ನು ಸಂಪಾದಿಸುವ ವಿದ್ವಾಂಸನೂ ಪಾಲಿಸುವ ನಿಯಮ ಇದೇ. ಓಲೆಯಲ್ಲಿ ತಪ್ಪು ಪಾಠ ನಿಂತರೆ ಅರ್ಥ ಕೆಡುತ್ತದೆ; ಇಲ್ಲಿ ಬೆಂಕಿ ಹತ್ತುತ್ತದೆ. ವ್ಯತ್ಯಾಸ ಅಷ್ಟೇ.

ಆ ಸಂಜೆ ಡಾಕ್ಟರರ ಪತ್ನಿ ಕಾರನ್ನು ನೋಡಲು ಬಂದರು. ಅದರ ಕರುಳನ್ನು ಹೊರಗೆಳೆದು ಹರಡಿದಂತಿದ್ದ ದೃಶ್ಯ ಕಂಡು ಬಾಗಿಲಲ್ಲಿಯೇ ನಿಂತರು. “ಅವ್ವಾರ, ತಪ್ಪಾಗೇತಿ. ನಮ್ಮ ಕೈಯಾಗ ಆದದ್ದು. ಸರಿಮಾಡಿ ಕೊಡತೀವಿ, ಇದಕ್ಕ ಬಿಲ್ಲಿಲ್ಲ” ಎಂದು ಮಿಸ್ತ್ರಿ ಹೇಳಿದ. ‘ಹುಡುಗನ ಕೈ’ ಎನ್ನದೆ ‘ನಮ್ಮ ಕೈ’ ಎಂದುದನ್ನು ಹುಡುಗ ಕೇಳಿಸಿಕೊಂಡ.

ಆಕೆ ಬೆಂಚಿನ ಮೇಲೆ ಕುಳಿತು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಒಂದು ಸಂಗತಿಯನ್ನು ಹೇಳಿದರು. ಕಾರು ಕೊಂಡ ಹೊಸದರಲ್ಲಿ, ಬೇಸಗೆಯ ಒಂದು ರಾತ್ರಿ, ಊರಿನಿಂದ ಎರಡು ಮೈಲಿಯ ಹೊಲದ ಗುಡಿಸಲಿನಲ್ಲಿ ಕೂಲಿಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯ ನೋವು ಬಂದು, ಮಗು ಅಡ್ಡವಾಗಿತ್ತಂತೆ. ಕರೆಯಲು ಬಂದವನ ಕೈಯಲ್ಲಿದ್ದ ಕಂದೀಲು ದಾರಿಯಲ್ಲಿಯೇ ಆರಿಹೋಗಿತ್ತು. ಮಳೆಗಾಲವಾಗಿದ್ದರೆ ಎರೆ ಮಣ್ಣಿನಲ್ಲಿ ಗಾಲಿ ಹೂತುಹೋಗುತ್ತಿತ್ತು. ಬೇಸಗೆಯಾದುದರಿಂದ ಡಾಕ್ಟರರು ಬಿರುಕುಬಿಟ್ಟ ಹೊಲದ ಮೇಲೆಯೇ ಕಾರನ್ನು ನಡೆಸಿ, ಗುಡಿಸಲಿನ ಬಾಗಿಲಿಗೆ ಎದುರಾಗಿ ನಿಲ್ಲಿಸಿ, ದೀಪ ಹಾಕಿ ಒಳಗೆ ಹೋದರು. ಇಂಜಿನ್ನು ನಿಲ್ಲದಂತೆ ನೋಡಿಕೊಳ್ಳಲು ಚಾಲಕನ ಜಾಗದಲ್ಲಿ ಕುಳಿತವರು ಈಕೆ. “ಒಂದು ತಾಸಿನ ಮ್ಯಾಲಾತು. ಕೂಸು ಅತ್ತಿದ್ದು ಇಂಜಿನ್ನಿನ ಸಪ್ಪಳದಾಗ ನನಗ ಕೇಳಸಲಿಲ್ಲ. ಅವರು ಹೊರಗ ಬಂದು ಬೆಳಕಿನಾಗ ಕೈ ಎತ್ತಿ ತೋರಿಸಿದಾಗ ಗೊತ್ತಾತು” ಎಂದರು.

ಆಕೆ ಹೋದ ಮೇಲೆ ಹುಡುಗನು ನೋಟುಪುಸ್ತಕವನ್ನು ತೆರೆದು, ನೀಲಿಯ ಸಾಲನ್ನು ಹುಡುಕಿ, ಅದರ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದ.

ಮೂರನೆಯ ದಿನ ಬೆಸುಗೆ ಆರಂಭವಾಯಿತು. ಹೊಸೆದು ಟೇಪು ಸುತ್ತಿದರೆ ಸಾಲದೆ ಎಂದು ಕೇಳುವವರುಂಟು. ಮುಂದಿನ ಎರಡು ದೀಪಗಳು ತಲಾ 45 ವ್ಯಾಟಿನವಾದರೆ, 12 ವೋಲ್ಟಿನ ಬ್ಯಾಟರಿಯಿಂದ ಆ ತಂತಿಯಲ್ಲಿ 7.5 ಆಂಪಿಯರ್ ವಿದ್ಯುತ್ತು ಹರಿಯಬೇಕು. ಸಡಿಲವಾದ ಒಂದು ಗಂಟು 0.2 ಓಮಿನಷ್ಟು ತಡೆ ಒಡ್ಡಿದರೂ ಅಲ್ಲಿ ಒಂದೂವರೆ ವೋಲ್ಟು ಸೋರಿಹೋಗುತ್ತದೆ. ದೀಪದ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಕುಗ್ಗುತ್ತದೆ. ಸೋರಿದುದು ಎಲ್ಲಿಗೂ ಹೋಗುವುದಿಲ್ಲ. ಆ ಗಂಟಿನಲ್ಲಿಯೇ 11 ವ್ಯಾಟಿನ ಕಾವಾಗಿ ಕುಳಿತುಕೊಳ್ಳುತ್ತದೆ. ಒಂದು ಪುಟ್ಟ ಬೆಸುಗೆಯ ಕಡ್ಡಿಯನ್ನು ಜಡೆಯೊಳಗೆ ಅಡಗಿಸಿಟ್ಟು, ಮೇಲೆ ಟೇಪು ಸುತ್ತಿ ಮರೆಸಿದಂತೆಯೇ ಅದು.

ಹಳೆಯ ತಾಮ್ರ ಕಪ್ಪಾಗಿತ್ತು. ಕಪ್ಪಾದ ತಾಮ್ರವನ್ನು ತವರ ಹಿಡಿಯುವುದಿಲ್ಲ. ಒಂದೊಂದು ಎಳೆಯನ್ನೂ ಕೆರೆದು ಹೊಳಪು ಬರಿಸಿ, ಎಳೆಗಳನ್ನು ಒಂದರೊಳಗೊಂದು ಹೊಗಿಸಿ, ರಾಳ ಹಚ್ಚಿ ಬೆಸೆಯಬೇಕು. ಕಡ್ಡಿಯ ಕಾವನ್ನು ತಂತಿಗೆ ಕೊಡಬೇಕೇ ಹೊರತು ತವರಕ್ಕಲ್ಲ. ತಂತಿಯು ಬಿಸಿಯಾಗಿ ತವರವನ್ನು ತಾನೇ ಕುಡಿಯಬೇಕು. ಅವಸರಪಟ್ಟು ತವರವನ್ನು ಮೇಲೆ ಕರಗಿಸಿ ಹನಿಸಿದರೆ ಮುತ್ತಿನಂತೆ ಕುಳಿತು ಅಂದವಾಗಿ ಕಾಣುವುದೇನೋ ನಿಜ. ಆದರೆ ಒಳಗೆ ಹಿಡಿದಿರುವುದಿಲ್ಲ. ಹುಡುಗನ ಮೊದಲ ಐದು ಬೆಸುಗೆಗಳನ್ನು ಮಿಸ್ತ್ರಿ ಜಗ್ಗಿ ಕಿತ್ತುಹಾಕಿದ. ಆರನೆಯದು ಕೀಳಲಿಲ್ಲ.

ಕಡಿದ ತುದಿಗಳನ್ನು ಸುಲಿದಾಗ ಪ್ರತಿ ತಂತಿಯೂ ಅಷ್ಟಿಷ್ಟು ಗಿಡ್ಡವಾಗಿತ್ತು. ಎಳೆದು ಕೂಡಿಸಿದರೆ ಇಂಜಿನ್ನಿನ ಅದುರಿಗೆ ಮತ್ತೆ ಹರಿಯುತ್ತದೆ. ಆದುದರಿಂದ ನಡುವೆ ಅದೇ ಬಣ್ಣದ, ಅಷ್ಟೇ ದಪ್ಪದ ತುಂಡನ್ನು ಸೇರಿಸಬೇಕು. 0.30 ಮಿಲಿಮೀಟರಿನ 14 ಎಳೆಗಳಿದ್ದ ತಂತಿಗೆ 14 ಎಳೆಗಳದು, 28 ಇದ್ದುದಕ್ಕೆ 28ರದು. ದೊಡ್ಡ ತಂತಿಯ ನಡುವೆ ಸಣ್ಣದನ್ನು ಸೇರಿಸಿದರೆ ಭಾರವೆಲ್ಲ ಸಣ್ಣದರ ಮೇಲೆ ಬೀಳುತ್ತದೆ. 23 ಬೆಸುಗೆಗಳೂ ಒಂದೇ ಸ್ಥಳದಲ್ಲಿ ಬಂದರೆ ಜಡೆಯು ಅಲ್ಲಿ ಹಾವು ಇಲಿಯನ್ನು ನುಂಗಿದಂತೆ ಉಬ್ಬುತ್ತದೆ. ಒಂದರ ಕವಚ ಹರಿದರೆ ಪಕ್ಕದ್ದಕ್ಕೆ ತಾಗುತ್ತದೆ. ಗೋಡೆ ಕಟ್ಟುವವನು ಸಂದಿನ ಮೇಲೆ ಸಂದು ಬಾರದಂತೆ ಇಟ್ಟಿಗೆ ಇಡುವ ಹಾಗೆ, ಬೆಸುಗೆಗಳನ್ನು ಒಂದು ಹಿಂದೆ, ಒಂದು ಮುಂದೆ ಮಾಡಿ ಹಂಚಿದರು. ತವರ ಕುಡಿದ ತಂತಿ ಗಡುಸಾಗಿ, ಬೆಸುಗೆಯ ಅಂಚಿನಲ್ಲಿ ಮುರಿಯುವ ಸ್ವಭಾವದ್ದು. ಆದ್ದರಿಂದ ಪ್ರತಿಯೊಂದಕ್ಕೂ ಉದ್ದನೆಯ ಸ್ಲೀವು ಹಾಕಿ, ಜಡೆಯನ್ನು ಅಲುಗದಂತೆ ಮೈಗೆ ಬಿಗಿದರು. ಗೋಡೆಯ ತೂತಿನಲ್ಲಿ ತಗಡಿನ ಅಂಚು ಕೊರೆಯದಂತೆ ಹೊಸ ರಬ್ಬರಿನ ಬಳೆಯೂ ಬಿತ್ತು.

ನಾಲ್ಕನೆಯ ದಿನ ಸಂಜೆ ಬ್ಯಾಟರಿ ತಾಗಿಸುವ ಹೊತ್ತು ಬಂದಿತು. ಹುಡುಗನ ಕೈ ನಡುಗುತ್ತಿತ್ತು. ಮಿಸ್ತ್ರಿ ಬ್ಯಾಟರಿಯ ತುದಿಗೂ ಕಾರಿನ ತಂತಿಗೂ ನಡುವೆ ಒಂದು ಬಲ್ಬನ್ನು ಕಟ್ಟಿದ. ಎಲ್ಲ ಸ್ವಿಚ್ಚುಗಳೂ ಆರಿರುವಾಗ ಒಳಗೆ ಎಲ್ಲಿಯಾದರೂ ಕಂದಿಗೆ ಕಪ್ಪು ತಾಗಿದ್ದರೆ ಆ ಬಲ್ಬು ಪ್ರಖರವಾಗಿ ಉರಿಯುತ್ತದೆ, ತಂತಿ ಸುಡುವುದಿಲ್ಲ. ಸರಿಯಾಗಿದ್ದರೆ ಬಲ್ಬು ಹತ್ತುವುದೇ ಇಲ್ಲ. “ತಾಗಿಸು” ಎಂದ. ಹುಡುಗನು ತಾಗಿಸಿದ. ಬಲ್ಬು ಹತ್ತಲಿಲ್ಲ. ದೀಪ ಹತ್ತದೆ ಇದ್ದುದಕ್ಕೆ ಇಷ್ಟು ಸಂತೋಷಪಟ್ಟವರು ಯಾರೂ ಇರಲಾರರು.

ಬಲ್ಬನ್ನು ತೆಗೆದು ಬ್ಯಾಟರಿಯನ್ನು ನೇರವಾಗಿ ಜೋಡಿಸಿದರು. ನೋಟುಪುಸ್ತಕದ ಸಾಲಿನಂತೆ ಒಂದೊಂದನ್ನೂ ಪರೀಕ್ಷಿಸಿದರು. ಕೊನೆಯ ಸಾಲನ್ನು ಮಾತ್ರ ಉಳಿಸಿಕೊಂಡು ಕತ್ತಲಾಗುವವರೆಗೆ ಕಾದರು. ಡಾಕ್ಟರರ ಪತ್ನಿ ಬಂದು ರಸ್ತೆಯ ಆಚೆ, ಕಾರಿಗೆ ಎದುರಾಗಿ ನಿಂತರು. ಹುಡುಗನು ಒಳಗೆ ಕುಳಿತು ಸ್ವಿಚ್ಚನ್ನು ಒತ್ತಿದ. ಬೆಳಕು ರಸ್ತೆಯನ್ನು ದಾಟಿ ಆಕೆಯ ಮೇಲೆ ಬಿದ್ದಿತು. ಆಕೆ ಆ ಬೆಳಕಿನಲ್ಲಿ ಏನನ್ನೂ ಹೇಳದೆ ಕೈಯನ್ನೊಂದು ಸಲ ಮೇಲೆತ್ತಿದರು.

ಹುಡುಗನು ಚೀಲವನ್ನು ತೆಗೆದುಕೊಂಡು ಹೋಗಲಿಲ್ಲ. ಮರುದಿನ ಕಾರು ಹೊರಡುವ ಮೊದಲು, 23 ಸಾಲುಗಳ ಆ ಪಟ್ಟಿಯನ್ನು ಚೆಂದದ ಕನ್ನಡ ಅಕ್ಷರಗಳಲ್ಲಿ ಇನ್ನೊಂದು ಹಾಳೆಗೆ ಇಳಿಸಿ, ಮಡಚಿ, ಮುಂದಿನ ಆಸನದೆದುರಿನ ಪೆಟ್ಟಿಗೆಯಲ್ಲಿ ಇಟ್ಟನು. ಮುಂದೆ ಯಾವನೋ ಒಬ್ಬ ಮಿಸ್ತ್ರಿ ಆ ಜಡೆಯನ್ನು ತೆರೆದಾಗ ಕತ್ತಲಲ್ಲಿ ತಡಕಬಾರದೆಂದು ಹಾಗೆ ಮಾಡಲು ಹೇಳಿದವನು ಗುರುವೇ. ಕಡೆಯಲ್ಲಿ ಒಂದು ಸಾಲನ್ನು ಮಾತ್ರ ಹುಡುಗನು ತಾನಾಗಿ ಬರೆದ. ತಂತಿಯನ್ನು ಕಡಿದವನೂ ತಾನೇ, ಕೂಡಿಸಿದವನೂ ತಾನೇ. ಎಲ್ಲಿಯಾದರೂ ತಪ್ಪು ಕಂಡರೆ ತಿದ್ದಿಕೊಳ್ಳಬೇಕು ಎಂದು. ಓಲೆಯ ಪ್ರತಿಗಳ ಕೊನೆಯಲ್ಲಿ ನಮ್ಮ ಲಿಪಿಕಾರರು ಓದುಗರಲ್ಲಿ ಹೀಗೆಯೇ ಬೇಡಿಕೊಳ್ಳುತ್ತಿದ್ದರು. ಆ ಪದ್ಧತಿಯನ್ನು ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.